ಹದಿನೇಳು ರೂಪಾಯಿ ಹೆಚ್ಚು

ತಿಂಗಳ ಕೊನೆಯ ರಾತ್ರಿ, ಒಂಬತ್ತು ದಾಟಿದ ಮೇಲೆ,
ಮಂಗಳೂರಿನ ದೊಡ್ಡಾಸ್ಪತ್ರೆಯ ಹಿಂದಿನ ಓಣಿಯಲ್ಲಿ
ಹಿಂದೆ ಹಂಚಿನ ಗೋದಾಮಾಗಿದ್ದ ನಮ್ಮ ಗಂಜಿಮನೆಯಲ್ಲಿ
ತೊಳೆದು ಕವುಚಿಟ್ಟ ಹಂಡೆಯ ಮೇಲೆ
ಲೆಕ್ಕದ ಪುಸ್ತಕ ಬಿಡಿಸುತ್ತೇನೆ.
ಮೇಜಿಗೆಂದು ತೆಗೆದಿಟ್ಟ ದುಡ್ಡು
ಮಾರ್ಚಿಯಲ್ಲೇ ಮೆಣಸಿಗೆ ಹೋಯಿತು.

ಜಮೆ.
ಫ್ಲೇವಿಯಾ ಬಾಯಿಯಿಂದ ಎರಡು ಸಾವಿರ, ಚೀಟಿ ಎತ್ತಿದ್ದರಲ್ಲಿ.
ಗಂಡನ ನೆನಪಿಗೆ ಎಂದು ಬರೆಯಲೇ ಎಂದರೆ
ಬೇಡ, ಅವರಿಗೆ ಗಂಜಿ ಸೇರುತ್ತಿರಲಿಲ್ಲ, ಎಂದರು.
ಬಂದರಿನ ಪುತ್ತುಮೋನು ಬ್ಯಾರಿಯ ಅಕ್ಕಿ, ಒಂದು ಮೂಟೆ;
ದರ ಕೇಳಿದರೆ ಹೇಳುವುದಿಲ್ಲ,
"ದರ ಬರೆದರೆ ಮಾರಿದ ಹಾಗೆ ಆಗ್ತದೆ."
ದಕ್ಕೆಯಿಂದ ಸುಗಂಧಿ ಮೆಂಡನ್ ತರುವ ನೋಟನ್ನು
ಬೇರೆ ನೋಟುಗಳ ಜೊತೆ ಇಡುವಂತಿಲ್ಲ,
ಕಪಾಟೆಲ್ಲ ಒಣಮೀನು.
ಬ್ಯಾಂಕಿನ ಹುಡುಗಿ ಮೂಗು ಮುಚ್ಚಿಕೊಂಡೇ ಎಣಿಸುತ್ತಾಳೆ,
ಎಣಿಕೆ ಮಾತ್ರ ತಪ್ಪಿದ್ದಿಲ್ಲ.

ಖರ್ಚು.
ಸಿಲಿಂಡರು ಎಂಟು.
ತೆಂಗಿನಕಾಯಿಯ ದರ ಕೇಳಿದ ಮೇಲೆ ಚಟ್ನಿ ತೆಳ್ಳಗಾಯಿತು.
ಉಣ್ಣುವವರು ಯಾರೂ ಏನೂ ಹೇಳಲಿಲ್ಲ,
ಅದೇ ಕಷ್ಟ.
ಬೆಳಗಿನ ಜಾವ ನಾಲ್ಕೂವರೆಗೆ ಬಂದು
ಈರುಳ್ಳಿ ಹೆಚ್ಚಿ ಡ್ಯೂಟಿಗೆ ಓಡುವ ಇಬ್ಬರು ನರ್ಸಿಂಗ್ ಹುಡುಗರನ್ನು
ಯಾವ ಕಡೆ ಬರೆಯಬೇಕೆಂದು
ನನಗೆ ಈಗಲೂ ಗೊತ್ತಿಲ್ಲ.

ಕೂಡಿಸಿ ಕಳೆದರೆ ನಾಲ್ಕು ಸಾವಿರದ ಮುನ್ನೂರು ಹತ್ತು ಕೊರತೆ.
ಇದು ಪರವಾಗಿಲ್ಲ, ಕೊರತೆಗೆ ಕಾರಣ ಉಂಟು.
ಡಬ್ಬದ ಚಿಲ್ಲರೆಯಲ್ಲಿ ಮಾತ್ರ
ಪ್ರತಿ ತಿಂಗಳೂ ಬರೆದದ್ದಕ್ಕಿಂತ ಹೆಚ್ಚು.
ಒಮ್ಮೆ ಮೂವತ್ತೆರಡು, ಒಮ್ಮೆ ಬರೀ ಐದು,
ಈ ಸಲ ಹದಿನೇಳು.

ಸೊಸೈಟಿಯಲ್ಲಿ ಮೂವತ್ತೊಂದು ವರ್ಷ ಕ್ಯಾಶು ನೋಡಿದವಳು ನಾನು.
ಕಡಿಮೆ ಬಿದ್ದರೆ ಕೈಯಿಂದ ಹಾಕಿ ಮನೆಗೆ ಹೋಗಬಹುದು.
ಹೆಚ್ಚು ಬಂದರೆ ನಿದ್ದೆಯಿಲ್ಲ,
ಯಾರದ್ದೋ ನನ್ನ ಹತ್ತಿರ ಉಳಿದಿದೆ.

ಒಂದು ಮಧ್ಯಾಹ್ನ ಕಾದು ಕೂತೆ.
ಕುಷ್ಟಗಿ ಕಡೆಯವರು ಒಬ್ಬರು, ಹೆಂಡತಿ ಮೂರನೇ ಮಹಡಿಯಲ್ಲಿ.
ಬಂದ ಮೊದಲ ದಿನ ಕುಚ್ಚಲಕ್ಕಿ ಬೆಂದಿಲ್ಲವೆಂದುಕೊಂಡು
ಯಾರಿಗೂ ಹೇಳದೆ ಜಗಿದು ಜಗಿದು ಉಂಡವರು.
ತಟ್ಟೆ ತೊಳೆದರು, ಕೈಯನ್ನು ಪಂಚೆಗೆ ಒರೆಸಿದರು,
ಬಾಗಿಲ ಬಳಿ ಎಲ್ಲರಿಗೂ ಕಾಣುವ ಹಾಗಿಟ್ಟ ಡಬ್ಬವನ್ನು ದಾಟಿ
ಮತ್ತೆ ಒಳಗೆ ಬಂದರು,
ಉಪ್ಪಿನ ಭರಣಿಯನ್ನು ಚೂರು ಎತ್ತಿ
ಏನೋ ಇಟ್ಟು
ಹೋದರು.

ರಾತ್ರಿ ಒರೆಸುವ ಬೇಬಿಯಕ್ಕನಿಗೆ ಎರಡು ವರ್ಷದಿಂದ ಗೊತ್ತು.
"ಅದು ಉಪ್ಪಿನ ದುಡ್ಡು, ಕ್ಯಾಶಿಯರಕ್ಕ,
ನಾನೇ ಡಬ್ಬಕ್ಕೆ ಹಾಕುದು. ಒಬ್ಬರಾ? ಸುಮಾರು ಜನ ಇದ್ದಾರೆ."
ನನಗೇಕೆ ಹೇಳಲಿಲ್ಲ ಎಂದರೆ
"ನೀವು ರಶೀದಿ ಕೊಡ್ಲಿಕ್ಕೆ ಹೋಗ್ತೀರಿ."

ಆಮೇಲೆ ಜಮೆಯ ಕಡೆ ಒಂದು ಸಾಲು ಹೆಚ್ಚಿತು: ಉಪ್ಪು.
ಆಡಿಟರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕೇಳಿದ್ದಾರೆ,
ಉಪ್ಪು ಖರ್ಚಲ್ಲವೇ, ಇಲ್ಲಿಗೆ ಹೇಗೆ ಬಂತು?

ಒಂದು ಕಂಪನಿಯ ಫಾರಮು ಬಂದು ಹದಿನೈದು ದಿನವಾಯಿತು,
ಎರಡು ಲಕ್ಷದ್ದು.
ಕೊಡುವವರೆಷ್ಟು, ಪಡೆಯುವವರೆಷ್ಟು, ಎರಡು ಚೌಕ.
ಊಟದ ಫೋಟೊ ಬೇಕಂತೆ, ಮುಖ ಕಾಣುವಂತೆ.
ಎರಡೂ ಚೌಕಗಳಲ್ಲಿ ನೂರ ಎಂಬತ್ತು ಎಂದೇ ಬರೆದು
ಕವುಚಿಟ್ಟ ತಟ್ಟೆಗಳ ಫೋಟೊ ಹಚ್ಚಿ ಕಳಿಸಿದ್ದೇನೆ.
ಉತ್ತರ ಬಂದಿಲ್ಲ.
ಬರಲಿ ಎಂದು ಆಸೆಯಿದೆ, ಸುಳ್ಳು ಯಾಕೆ ಹೇಳಲಿ.

ಗಂಜಿಗೆ ನೀರು ಎಷ್ಟಾದರೂ ಸೇರುತ್ತದೆ ಎನ್ನುತ್ತಾರೆ.
ಸೇರುವುದಿಲ್ಲ.
ಬಡಿಸುವ ಕೈಗೆ ಗೊತ್ತಾಗುತ್ತದೆ.

ನಾಳೆ ಒಂದನೇ ತಾರೀಕು, ಆರಕ್ಕೆ ಸಿಲಿಂಡರಿನವನು ಬರುತ್ತಾನೆ.
ಬೇಬಿಯಕ್ಕ ಜ್ವರದಲ್ಲಿ ಮಲಗಿದ್ದಾಳೆ,
ಬೆಂಚು ಇವತ್ತು ನಾನೇ ಒರೆಸಬೇಕು.
ಉಪ್ಪಿನ ಭರಣಿ ಎತ್ತುವುದಿಲ್ಲ.
ಅದರ ಸುತ್ತ ಒರೆಸಿ
ದೀಪ ಆರಿಸುತ್ತೇನೆ.