ಎರಡನೇ ಸಾಲು

ಅಪ್ಪ ತೀರಿಕೊಂಡ ವರ್ಷ
ರಿವಾಯತ್ ಪದದ ವಹಿಯನ್ನು ವರಲೆ ತಿಂದಿತ್ತು.
ಟ್ರಂಕಿನ ತಳದಲ್ಲಿ, ಅವನ ರುಮಾಲಿನ ಕೆಳಗೆ
ಹಿಟ್ಟಿನಂಥ ಮಣ್ಣು.
ಕರ್ಬಲದ ಪದಗಳೆಲ್ಲ, ಕನ್ನಡದಲ್ಲಿ,
ಮೋಟು ಪೆನ್ಸಿಲ್ಲಿನ ಕಾಗೆಕಾಲು ಗುಬ್ಬಿಕಾಲಿನಲ್ಲಿ
ಬರೆದವು ಬರೆದಂತೆ
ಹುಳದ ಹೊಟ್ಟೆ ಸೇರಿದ್ದವು.

ನಾನು ಗಿರಣಿಯವನು. ಹಾಡು ಬಾರದು.
ಮುದಗಲ್ಲಿನ ಕೋಟೆ ಬಾಗಿಲ ಒಳಗೆ
ಹದಿನೆಂಟು ವರ್ಷ ಬೆಲ್ಟಿನ ಸದ್ದು ಕೇಳಿದ ಕಿವಿ
ಸ್ವರಕ್ಕೆ ಎಲ್ಲಿ ಬಗ್ಗೀತು?

ಮೊಹರಮ್ಮಿನ ಐದನೇ ದಿನ
ಲಾಲ್‌ಸಾಬ ಮುಜಾವರ ಕಟ್ಟೆಗೆ ಬಂದು ಕೂತ.
"ತಳವಾರ ದ್ಯಾಮಣ್ಣನ ಮನಿ ಪದ ಇಲ್ದ
ಕತ್ತಲ ರಾತ್ರಿ ಪೀರಾ ಏಳೋದಿಲ್ಲೋ ತಮ್ಮಾ.
ನಮ್ಮಪ್ಪನ ಕಾಲದಿಂದ ಅಳೋ ಕೆಲಸ ನಿಮ್ಮದು,
ಹೊರೋ ಕೆಲಸ ನಮ್ಮದು."

ಗಿರಣಿಯ ಹಿಂದೆ ಖಾಲಿ ಚೀಲಗಳ ಮೇಲೆ ಮೇಳ ಕೂಡಿತು.
ಹಡಪದ ನಿಂಗಪ್ಪ, ಪಿಂಜಾರ ಮೋದೀನ, ಹೂಗಾರ ಗವಿಸಿದ್ದ,
ಒಬ್ಬೊಬ್ಬನ ಬಾಯಲ್ಲಿ ಒಂದೊಂದು ಚೂರು.
ಮೊದಲ ಸಾಲು ಎಲ್ಲರಿಗೂ ಬರುತ್ತಿತ್ತು:
"ಹೊಳಿ ಇತ್ತೋ ಎದುರಿಗೆ, ಕೊಡ ಇತ್ತೋ ಕೈಯಾಗ..."
ಅಲ್ಲಿಗೆ ನಿಂತಿತು.
ಮುಂದಿನದು ಅಪ್ಪ ಒಬ್ಬನೇ ಹೇಳುತ್ತಿದ್ದ,
ಕಣ್ಣು ಮುಚ್ಚಿ, ಉಸಿರು ಮೇಲೆಳೆದು,
ಬಲ ತೊಡೆಗೆ ಏಳು ಸಲ ಬಡಿದು.
ಏಳು ಬಡಿತ ನನಗೆ ಗೊತ್ತು. ಅಷ್ಟೇ ಗೊತ್ತು.
ಪದವಿಲ್ಲ, ಧಾಟಿಯಿಲ್ಲ,
ಬರೀ ತೊಡೆ.

ಗೋಧಿ ಬೀಸಿಸಲು ಬಂದಿದ್ದ ಕ್ಲಾರಮ್ಮ
ಡಬ್ಬಿ ಕೆಳಗಿಟ್ಟು ನಿಂತಿದ್ದಳು, ಸೆರಗು ಹಲ್ಲಲ್ಲಿ ಕಚ್ಚಿ.
ಇಗರ್ಜಿಯ ಗಂಟೆ ಹೊಡೆಯುತ್ತಿದ್ದ ಇನ್ನಾಸಪ್ಪನ ಮಗಳು.
"ಇನ್ನೊಮ್ಮೆ ಬಡಿ," ಅಂದಳು.
ಬಡಿದೆ.
ಮೂರನೇ ಬಡಿತಕ್ಕೆ ಸಣ್ಣಗೆ ಎತ್ತಿಕೊಂಡಳು:
"ದಾಹ ಅಂದಾನ ಮಗನು, ಯಾರು ಕೊಟ್ಟಾರ ನೀರ..."

ಮೋದೀನ ಬೀಡಿ ಆರಿಸಿದ.
ನಿಂಗಪ್ಪ ಯಾಕೋ ಚಪ್ಪಲಿ ಕಳಚಿದ.
ಅಪ್ಪನದೇ ಏರು. ಏರಿ ಏರಿ
ನಡುವೆ ಮುರಿದು ಬೀಳುವ ಅದೇ ಇಳಿ.

"ಶುಭ ಶುಕ್ರವಾರ ಶಿಲುಬಿ ಮುಂದ ಹಾಡತೀವಿ ಇದನ್ನ.
ನಮ್ಮಪ್ಪ ಕಟ್ಟಿದ್ದು ಅಂತಿದ್ದರು."
ಅವಳ ಮುಖ ಸಣ್ಣದಾಯಿತು.
"ಕದ್ದಿದ್ದೇನು ಮತ್ತ?"
ಲಾಲ್‌ಸಾಬ ಗಡ್ಡ ತೀಡಿಕೊಂಡ.
"ಇನ್ನಾಸಪ್ಪ ನಮ್ಮ ಕುಣಿಗೆ ಕಟಿಗಿ ಒಡಿಯಾಕ ಬರತಿದ್ದ.
ದ್ಯಾಮಣ್ಣ ನಿಮ್ಮ ಇಗರ್ಜಿಗೆ ಸುಣ್ಣ ಹೊಡಿಯಾಕ ಹೋಗತಿದ್ದ.
ಯಾವಾಗ, ಯಾರ ಕಡೆಯಿಂದ ಯಾರಿಗೆ,
ಸುಣ್ಣದ ಬಕೀಟಿಗೇ ಗೊತ್ತು."

ಧಾಟಿ ಸಿಕ್ಕಿತು. ಪದ?
ಅವಳ ಪದ ಆ ತಾಯಿಯ ಮಗನದು,
ಕೇಳಲು ನಮಗೆ ನಾಚಿಕೆ, ಕೊಡಲು ಅವಳಿಗೆ ಅಂಜಿಕೆ.
ಗವಿಸಿದ್ದ ಎರಡು ಪ್ರಾಸ ಹೊಸೆದು ತಂದ;
ಸಿನಿಮಾದ ವಾಸನೆ ಬಂತು, ಬಿಟ್ಟೆವು.

ಕತ್ತಲ ರಾತ್ರಿ.
ಅಲಾಯಿ ಕುಣಿಯ ಕೆಂಡ, ಊದಿನ ಹೊಗೆ,
ಚೋಂಗೆಯ ತಟ್ಟೆ ಹಿಡಿದು ಖಾಲಿ ಹಣೆಯ ನನ್ನವ್ವ.
ಹಲಗೆ ನಿಂತಿತು.
"ಹೊಳಿ ಇತ್ತೋ ಎದುರಿಗೆ, ಕೊಡ ಇತ್ತೋ ಕೈಯಾಗ..."
ಎರಡನೇ ಸಾಲಿಗೆ ಯಾರೂ ಬಾಯಿ ತೆರೆಯಲಿಲ್ಲ.
ಮುಚ್ಚಿದ ತುಟಿಗಳ ಹಿಂದಿನಿಂದ
ಧಾಟಿಯೊಂದೇ ಹೊರಟಿತು, ಬರಿಗಾಲಲ್ಲಿ.
ನಾನು ತೊಡೆಗೆ ಬಡಿದೆ, ಏಳು.
ಬೇವಿನ ಮರದ ಕೆಳಗೆ, ಹೆಂಗಸರ ನಡುವೆ
ಒಂದು ದನಿ ತುಸು ಮುಂದೆ ಮುಂದೆ ಓಡುತ್ತಿತ್ತು.
ಇಗರ್ಜಿಯಲ್ಲಿ ಹಾಗೇ ಹಾಡುತ್ತಾರಂತೆ.
ಅವ್ವ ಅಳಲಿಲ್ಲ.
"ಬರೋಬ್ಬರಿ ಐತಿ," ಅಂದಳು,
"ಆದರ ಆತ ಇನ್ನೂ ನಿಧಾನ."

ಮೂರು ದಿನ ಬಿಟ್ಟು ಕ್ಲಾರಮ್ಮ ಜೋಳ ತಂದಳು.
ದುಡ್ಡು ಬೇಡವೆಂದೆ. ತಕ್ಕಡಿಯ ಮೇಲಿಟ್ಟಳು.
ಹೋಗಲಿಲ್ಲ.
"ನಮ್ಮದರಾಗ ಮೊದಲನೇ ಸಾಲು ಇಲ್ಲ.
ನಡುವಿಂದನ ಸುರು ಆಗತೈತಿ.
ಅಪ್ಪಗ ಅಷ್ಟ ಸಿಕ್ಕಿತ್ತೋ ಏನೋ.
ನಿಮ್ಮದು ಕೊಡತೀಯೇನು?
ಪದ ಬ್ಯಾಡ. ಹೆಂಗ ಏರತೈತಿ, ಅಷ್ಟು."

ನಾನು ಗಿರಣಿಯವನು. ಹಾಡು ಬಾರದು.
ಹಿಟ್ಟಿನ ಕೈ ಒರೆಸಿಕೊಂಡು
ಸ್ವಿಚ್ಚು ಆರಿಸಿದೆ.
ಬೆಲ್ಟು ಇನ್ನೂ ಒಂದಿಷ್ಟು ತಿರುಗಿತು.
ಅದು ನಿಲ್ಲುವ ತನಕ
ಇಬ್ಬರೂ ಕಾದೆವು.