ಮೂಟೆಯ ತಳ

ಜುಲೈ. ಲಿಮಾದ ಆಕಾಶ
ಮಳೆಯೆನ್ನಲು ಸಾಲದು, ಮಂಜೆನ್ನಲು ಹೆಚ್ಚು;
ಹಿಂಡದೆ ಒಣಹಾಕಿದ ಕಂಬಳಿ.
ವಿಲ್ಸನ್ ಬೀದಿ, ಮೂರನೇ ಮಹಡಿ,
ಮುನ್ನೂರ ಹದಿನೇಳನೇ ಗೂಡಂಗಡಿ.
ಗಾಜಿನ ಮೇಲೆ ವಿಲ್ಬರ್ ಟಿಕೋನಾ
ಮೂರು ಡ್ರೈವ್ ಹಾಸುತ್ತಾನೆ, ಇಸ್ಪೀಟಿನ ಎಲೆಗಳಂತೆ.

ನನ್ನ ಹತ್ತಿರ ಎಂಟುನೂರು ಸೋಲ್, ಬಹುಪಾಲು ಚಿಲ್ಲರೆ.
ಕೋಮಾಸ್ ಗುಡ್ಡದ ಮೇಲೆ ಹನ್ನೊಂದು ಕಂಪ್ಯೂಟರ್,
ತಾಸಿಗೆ ಒಂದು ಸೋಲ್.
ಬೂಟ್ ಆಗುವುದೆಂದರೆ ಬೂಟು ಹಾಕಿಕೊಳ್ಳುವುದೇ ಇರಬೇಕು:
ನನ್ನ ಹಳೆಯ ಯಂತ್ರಗಳು ನಾಲ್ಕು ನಿಮಿಷ
ಬಗ್ಗಿ, ಕೆಮ್ಮಿ, ಲೇಸು ಕಟ್ಟುತ್ತವೆ.
ಆ ನಾಲ್ಕು ನಿಮಿಷಕ್ಕೆ ನಾನು ದುಡ್ಡು ಹಿಡಿಯುವುದಿಲ್ಲ.
ಗೋಡೆಯ ಮೇಲೆ ಬರೆದೇ ಇಟ್ಟಿದ್ದೇನೆ.

“ಇದು ಎಪ್ಪತ್ತೆರಡು. ಇನ್ನೂರ ನಲವತ್ತು ಜಿಬಿ.”
ಹನ್ನೊಂದಕ್ಕೂ ಬರುತ್ತದೆ. ವಿಂಡೋಸ್ ಕೂರುತ್ತದೆ,
ಒಂದು ಆಟ ಕೂರುತ್ತದೆ,
ಎರಡನೆಯದು ಮೊಣಕಾಲು ಮಡಚಬೇಕು,
ಮೂರನೆಯದು ಹೊಸ್ತಿಲಾಚೆ.
“ಇದು ನೂರ ಹನ್ನೆರಡು. ನಾನೂರ ಎಂಬತ್ತು.”
ಏಳಕ್ಕೆ.
“ಇದು ನೂರ ಐವತ್ತೆಂಟು. ಜಾಗ ಅಷ್ಟೇ,
ಐದು ವರ್ಷ ಗ್ಯಾರಂಟಿ, ಒಳಗೆ ಸ್ವಂತ ಮೆಮೊರಿ ಚಿಪ್.”
ಐದಕ್ಕೆ. ಹನ್ನೊಂದರಲ್ಲಿ ಐದು ಕಳೆದರೆ
ಉಳಿಯುವುದು ಆರಲ್ಲ, ಆರು ಮಕ್ಕಳ ಮುಖ.

ಮೂರೂ ಡಬ್ಬಿಯ ಮೇಲೆ ಒಂದೇ ಅಂಕಿ: ಸೆಕೆಂಡಿಗೆ ಐನೂರೈವತ್ತು.
ಅದರ ಪಕ್ಕ, ಇರುವೆ ಬರೆದಷ್ಟು ಸಣ್ಣಗೆ, ‘ವರೆಗೆ’.
ಕನ್ನಡಕ ಏರಿಸಿದೆ.
ಹತ್ತೊಂಬತ್ತು ವರ್ಷ ಸಾಂತಾ ಅನಿತಾ ಮಂಡಿಯಲ್ಲಿ
ಆಲೂಗಡ್ಡೆ ಮಾರಿದವಳು ನಾನು, ದೆಲ್ಫಿನಾ ಕ್ಕೋರಿ.
ಮೂಟೆಯ ಬಾಯಲ್ಲಿ ಮುಷ್ಟಿಗಾತ್ರದ್ದು,
ತಳದಲ್ಲಿ ಗೋಲಿ, ಮಣ್ಣು,
ತೂಕಕ್ಕೊಂದು ಕಲ್ಲು.
“ತಳಕ್ಕೆ ಕೈ ಹಾಕಿದರೆ ಎಷ್ಟು ಸಿಗುತ್ತೆ, ಅದನ್ನ ಹೇಳಪ್ಪ.”
ಅವನು ಆಚೀಚೆ ನೋಡಿ, ದನಿ ತಗ್ಗಿಸಿ, ನಡುವಿನದನ್ನು ಮುಟ್ಟಿ:
“ಮೊದಲ ಮೂವತ್ತು ಜಿಬಿ ಓಟ. ಆಮೇಲೆ ನಲವತ್ತು. ನಲವತ್ತೇ.
ಬರೆಯುವಾಗ ಮಾತ್ರ. ಓದುವಾಗ ಈ ಕಾಟವಿಲ್ಲ.
ಆಟ ಒಮ್ಮೆ ಬರೆದರೆ ಸಾವಿರ ಸಲ ಓದುವುದೇ ತಾನೆ?”

ನಿಜ ಹೇಳಿದವನ ಹತ್ತಿರ ಚೌಕಾಸಿ ಕಷ್ಟ.
ಆದರೂ ಮಾಡಿದೆ. ನಾಲ್ಕು ಸೋಲ್ ಇಳಿಯಿತು,
ಮೇಲೊಂದು ಸ್ಕ್ರೂಡ್ರೈವರ್.
ಬಸ್ಸಿನಲ್ಲಿ ಏಳೂ ನನ್ನ ತೊಡೆಯ ಮೇಲೆ;
ಎಲ್ಲ ಸೇರಿ ಒಂದು ಒಳ್ಳೆಯ ಆಲೂಗಡ್ಡೆಯ ಭಾರ.

ಮಾರನೆಯ ಬೆಳಿಗ್ಗೆ ಯೆಫೆರ್ಸನ್ ಬಂದ.
ಶಾಲೆಗೆ ರಜೆ. ಒಂಬತ್ತು ವರ್ಷ, ಜೇಬಲ್ಲಿ ಎಂದೂ ಕಾಸಿಲ್ಲ.
ಯಂತ್ರಗಳನ್ನು ಎಬ್ಬಿಸುವುದು ಅವನ ಕೆಲಸ,
ತಾನೇ ಮಾಡಿಕೊಂಡದ್ದು, ನಾನು ಕೊಟ್ಟದ್ದಲ್ಲ.
ಒಂದೊಂದರ ಎದುರೂ ಕೂತು
ಸುತ್ತುವ ಚುಕ್ಕೆಗಳನ್ನು ನಾಲ್ಕು ನಿಮಿಷ ಬಿಟ್ಟಿ ನೋಡುತ್ತಾನೆ,
ಮೌಸಿನ ಮೇಲೆ ಕೈ, ಡ್ರೈವರನ ಗತ್ತು.
ಇವತ್ತು ಗುಂಡಿ ಒತ್ತಿದ.
ಕುರ್ಚಿ ಎಳೆಯುವುದರೊಳಗೆ
ಪರದೆ ಬೂಟು ಹಾಕಿ ನಿಂತಿತ್ತು.
ಹನ್ನೊಂದು ಸೆಕೆಂಡು.
ಅವನು ನನ್ನನ್ನು ನೋಡಿದ,
ಗೋಡೆಯ ಬರಹ ನೋಡಿದ.
ಎದ್ದು ಕುರ್ಚಿಯನ್ನು ಇದ್ದಲ್ಲಿಗೇ ತಳ್ಳಿದ.

ಅಷ್ಟರಲ್ಲಿ ಒಂದನೆಯದರಿಂದ ಎರಡನೆಯ ಡ್ರೈವಿಗೆ
ನಾನು ಫುಟ್‌ಬಾಲ್ ಆಟದ ನಕಲು ಹಾಕಿದ್ದೆ, ತೊಂಬತ್ತು ಜಿಬಿ.
ಹಸಿರು ಗೀಟು ಇಳಿಜಾರಿನ ಬಸ್ಸಿನಂತೆ ಜಿಗಿಯಿತು,
ಮೂರರಲ್ಲೊಂದು ಪಾಲು ದಾಟಿತೋ ಇಲ್ಲವೋ, ಧೊಪ್.
ನಲವತ್ತು. ಮೂವತ್ತೆಂಟು. ನಲವತ್ತು.
ವಿಲ್ಬರ್ ಸುಳ್ಳಾಡಿರಲಿಲ್ಲ.
ಇನ್ನು ಇಪ್ಪತ್ತಾರು ನಿಮಿಷ, ಅಂದಿತು ಪರದೆ.

“ಇದಕ್ಕೆ ಯಾರಾದರೂ ಕಾವಲು ಬೇಕಲ್ಲ,” ಅಂದೆ ಒಲೆಯ ಕಡೆ ತಿರುಗಿ,
“ಕರೆಂಟು ಹೋದರೆ ಕೂಗಬೇಕು.
ಸುಮ್ಮನೆ ಕೂರಬೇಡ, ಆ ಕಾರಿನ ಆಟ ಓಡುತ್ತೋ ನೋಡು.”

ಬೆನ್ನ ಹಿಂದೆ ಕುರ್ಚಿ ಕಿರ್ ಅಂದಿತು.
ಇನ್ನೂ ಐದು ಡ್ರೈವ್ ಬಾಕಿ.
ದಿನಕ್ಕೊಂದರಂತೆ ಹಾಕೋಣ, ಏನು ಅವಸರ.