ಕ್ರಿಯಾಪದಗಳ ಕಪಾಟು

ಅಲ್ ಖೋರಿನ ಕಚೇರಿಯಲ್ಲಿ, ಏಸಿಯ ಗೊರಕೆಯ ಕೆಳಗೆ,
ನನ್ನ ಕೆಲಸ ಇಷ್ಟೇ: ಜೀವಿಗಳನ್ನು ಜೋಡಿಸಿಡುವುದು.
ಉಪ್ಪುನೀರು ಸಿಹಿಮಾಡುವ ಹೊಸ ಸ್ಥಾವರಕ್ಕೆ
ನಕ್ಷೆ ಬರೆಯುವವರು ಬಂದು ಕೇಳುತ್ತಾರೆ,
ಇದನ್ನು ಲೋಕದಲ್ಲಿ ಮೊದಲೇ ಯಾರಾದರೂ ಮಾಡಿದ್ದಾರಾ?
ಯಾರಾದರೂ ಎಂದರೆ, ಮನುಷ್ಯರನ್ನು ಬಿಟ್ಟು.

ಮೊದಲು ಹೆಸರಿನ ಪ್ರಕಾರ ಇಟ್ಟೆ. ಅಕಾರಾದಿ.
ಕಾರ್ಡಿನ ಮುಂಬದಿ ಅವರ ಇಂಗ್ಲಿಷು, ಹಿಂಬದಿ ನನ್ನ ಕನ್ನಡ;
ಏಡಿ ‘ಏ’ಯಲ್ಲಿ, ಒಂಟೆ ‘ಒ’ದಲ್ಲಿ, ಕಾಂಡ್ಲಾ ‘ಕ’ದಲ್ಲಿ.
ಇನಾಸ್ ಅಲ್ ಮುಹನ್ನದಿ, ಪೈಪುಗಳ ಇಂಜಿನಿಯರ್,
ಬಾಗಿಲಲ್ಲೇ ನಿಂತು ಕೇಳಿದಳು:
“ಹೊರಹೋಗುವ ಆವಿಯಿಂದ ನೀರನ್ನು ಮರಳಿ ಹಿಡಿಯಬೇಕು.
ಯಾವ ಅಕ್ಷರ?”
ಒಂಟೆಯ ಮೂಗು ಇರುಳೆಲ್ಲ ಅದನ್ನೇ ಮಾಡುತ್ತದೆ.
ಆದರೆ ಒಂಟೆಯೆಂದು ಗೊತ್ತಿದ್ದವಳು
ನನ್ನನ್ನೇಕೆ ಕೇಳುತ್ತಾಳೆ?

ಅಂಕೋಲೆಯ ನಮ್ಮ ಅಡುಗೆಮನೆಯಲ್ಲಿ
ಬೋರ್ನ್‌ವೀಟಾ ಡಬ್ಬದಲ್ಲಿ ಕೊತ್ತಂಬರಿ,
ಅಮೂಲ್ ಡಬ್ಬದಲ್ಲಿ ಹೆಸರುಬೇಳೆ.
ಅತ್ತಿಗೆ ಬಂದು ತಡಕಾಡುವವರೆಗೆ
ಯಾರಿಗೂ ಅದು ತೊಡಕೆನಿಸಿರಲಿಲ್ಲ.

ಆ ರಾತ್ರಿ ಏಳನೇ ತರಗತಿಯ ವ್ಯಾಕರಣ ನೆನಪಾಯಿತು.
ಹಾಜರಿ ಪುಸ್ತಕ ಮಡಚುತ್ತ ಮೇಸ್ಟ್ರು ಅಂದಿದ್ದರು:
ಕರ್ತೃ ಬಿಟ್ಟರೂ ಕನ್ನಡ ನಿಲ್ಲುತ್ತದೆ ಕಣೇ,
‘ಬಂದಳು’ ಅಂದರೆ ಸಾಕು, ಬಾಗಿಲು ತೆರೆದುಕೊಳ್ಳುತ್ತದೆ.

ಖಾನೆಗಳ ಚೀಟಿ ಕಿತ್ತೆ. ಹೊಸದು ಬರೆದೆ:
ಸೋಸು. ಅಂಟು. ಹೊರು. ಅಗೆ. ಉಸಿರಾಡು. ಉದುರಿಸು.
ಎದೆಯ ಗರಿ ನೆನೆಸಿಕೊಂಡು ಮೈಲಿಗಟ್ಟಲೆ
ಮರಿಗಳಿಗೆ ನೀರೊಯ್ಯುವ ಗಂಡು ಗೌಜಲಕ್ಕಿ
ಹಕ್ಕಿಗಳ ಗುಂಪು ಬಿಟ್ಟು ‘ಹೊರು’ವಿನಲ್ಲಿ ಕೂತಿತು.
ಕೊಳವೆಯ ಬಾಯಿಗೆ ಮೆತ್ತಿ ನಮ್ಮನ್ನು ಕಾಡುವ ಚಿಪ್ಪುಜೀವಿ
‘ಅಂಟು’ವಿನಲ್ಲಿ ಗುರುವಾಗಿ ಕೂತಿತು.
ಕಾಂಡ್ಲಾ ಮಾತ್ರ ಕೂರಲಿಲ್ಲ.
ಬೇರಲ್ಲಿ ಸೋಸುತ್ತದೆ, ಎಲೆಯಲ್ಲಿ ಉಪ್ಪು ಬೆವರುತ್ತದೆ,
ಕೆಸರಲ್ಲಿ ಪೆನ್ಸಿಲು ನೆಟ್ಟಂತೆ ಬೇರೆತ್ತಿ ಉಸಿರಾಡುತ್ತದೆ.
ಮೂರು ಚೀಟಿ ಬರೆದು ಮೂರು ಖಾನೆಗೆ ಹಾಕಿದೆ;
ಮೂರು ಕಡೆ ಸತ್ತಂತಾಯಿತು ಮರ.

ನೆಲ ಒರೆಸುತ್ತಿದ್ದ ತೊಫಜ್ಜಲ್, ಖುಲ್ನಾ ಕಡೆಯವನು,
ಮಾಪನ್ನು ಗೋಡೆಗೊರಗಿಸಿ ಇಣುಕಿದ.
“ದೀದಿ, ಏಡಿ ಎಲ್ಲಿ?”
‘ಅಗೆ’ಯಲ್ಲಿದೆ ಎಂದೆ. ಆಚೆ ಗೋಡೆ, ಕೆಳಗಿನ ಸಾಲು.
“ಅಷ್ಟು ದೂರವಾ?” ಅಂದ.
“ಅದು ತೂತು ಕೊರೆಯದಿದ್ದರೆ ಕೆಸರಿಗೆಲ್ಲಿಯ ಗಾಳಿ?
ಬೇರಿಗೆಲ್ಲಿಯದು?”

ಮರುದಿನ ರವಿಕೆ ಹೊಲಿಯುವ ಕೆಂಪು ದಾರ ತಂದೆ.
‘ಅಗೆ’ಯಿಂದ ‘ಉಸಿರಾಡು’ವಿಗೆ, ಅಲ್ಲಿಂದ ‘ಸೋಸು’ವಿಗೆ
ಗಂಟು ಹಾಕುತ್ತ ಹೋದೆ.
ಈಗ ಒಂದು ಖಾನೆ ಎಳೆದರೆ ಇನ್ನೊಂದು ಅಲುಗುತ್ತದೆ.
ಲೆಕ್ಕಪತ್ರದವರು ನೋಡಿ, ಇದೇನು, ಬಲೆಯಾ ಎಂದರು.
ಹೌದು ಎಂದೆ. ಬೇರೆ ಮಾತು ತೋಚಲಿಲ್ಲ.

‘ಉದುರಿಸು’ ಖಾನೆಯಲ್ಲಿ ಒಂದೇ ಚೀಟಿ.
ಎಲೆಯ ಮೇಲೆ ಹರಳಾದ ಉಪ್ಪನ್ನು
ಗಾಳಿ ಚಿಟಿಕೆ ಚಿಟಿಕೆಯಾಗಿ ಒಯ್ಯುತ್ತದೆ,
ಯಾರ ಬಾಯೂ ಕೆಡದಷ್ಟು.
ನಮ್ಮ ನಕ್ಷೆಯಲ್ಲಿ ಉಪ್ಪಿಗೆ ಒಂದೇ ದಾರಿ:
ದಪ್ಪನೆಯ ಬಾಣ, ಕಡಲಿನ ಕಡೆಗೆ,
ಏಡಿಗಳಿರುವ ಅದೇ ಕೊಲ್ಲಿಗೆ.
ಉಪ್ಪು ತಿಂದವ ನೀರು ಕುಡಿಯಲೇಬೇಕು, ಅನ್ನುತ್ತಿದ್ದರು ಊರಲ್ಲಿ.
ಇಲ್ಲಿ ನೀರು ಕುಡಿಯುವವರು ನಾವು.
ಉಪ್ಪು ತಿನ್ನುವವರು?

ಇದನ್ನೇ ಚೀಟಿಯ ಹಿಂದೆ ಬರೆದಿಟ್ಟಿದ್ದೆ.
ಏನು ಬರೆದಿದ್ದೀಯ ಎಂದಳು ಇನಾಸ್. ಓದಿ ಹೇಳಿದೆ.
ಒಂದು ಕ್ಷಣ ನಿಂತು, ಚೀಟಿ ಎತ್ತಿಕೊಂಡು ಹೋದಳು,
ಗಂಟು ಬಿಚ್ಚದೆ.

ಮೂರು ದಿನವಾಯಿತು. ದಾರ ಕಪಾಟಿನಿಂದಿಳಿದು
ಪಡಸಾಲೆಯುದ್ದ ಹರಿದು
ಅವಳ ಬಾಗಿಲ ಸಂದಿಯಲ್ಲಿ ಮರೆಯಾಗಿದೆ.
ಅದು ಬಂದ ಕಡೆ ತೊಫಜ್ಜಲ್
ಮಾಪನ್ನು ಎತ್ತಿಹಿಡಿದು ದಾಟುತ್ತಾನೆ.